ಸೋಯಾ ಹೊಲದ ಕಸ ಎಣ್ಣೆಗೆ ಸಾಯದಿದ್ದಾಗ ನಾವು ಮಾಡಿದ್ದು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕಲಘಟಗಿ ಕಡೆ ಹೊಲ, ಸೋಯಾಬೀನ್‌ಗೆ ಮೂರು ವರ್ಷದಿಂದ ಇಮೆಜೆಥಾಪೈರ್ ಅನ್ನುವ ಕಳೆನಾಶಕ, ನಮ್ಮ ಮಾತಲ್ಲಿ ಕಸದ ಎಣ್ಣೆ, ಹೊಡೆಯುತ್ತಿದ್ದೀಯ. ಈ ಸಲ ಒಂದು ಜಾತಿ ಹುಲ್ಲು ಸಾಯಲೇ ಇಲ್ಲ. ಅಂಗಡಿಯವರು ಡಬಲ್ ಡೋಸ್ ಹೊಡಿ ಅಂದರು, ಏನು ಮಾಡಲಿ ಅಂತ ಕೇಳಿದ್ದೀಯ. ನಮ್ಮದು ಶಿಗ್ಗಾಂವಿ ಹತ್ತಿರ, ಸೋಯಾ ಮತ್ತು ಗೋವಿನಜೋಳ. ಇದೇ ತಾಪತ್ರಯ ನಮಗೂ ಆಗಿತ್ತು.

ಡಬಲ್ ಡೋಸ್ ಮಾತ್ರ ಬೇಡ. ಹತ್ತು ಪರ್ಸೆಂಟಿನ ಇಮೆಜೆಥಾಪೈರ್ ಎಕರೆಗೆ 400 ಮಿಲಿ, ನೀರು 200 ಲೀಟರ್. ಅಷ್ಟೇ. ಜಾಸ್ತಿ ಹೊಡೆದರೆ ಸೋಯಾನೇ ಸೊರಗುತ್ತದೆ. ಮಣ್ಣಲ್ಲಿ ಉಳಿದದ್ದು ಹಿಂಗಾರಿ ಜೋಳಕ್ಕೂ ಪೆಟ್ಟು ಕೊಡಬಹುದು.

ಮೊದಲು ಹೊಲದಲ್ಲಿ ಸುತ್ತಾಡಿ ನೋಡು. ಉಳಿದ ಕಸ ಪಟ್ಟೆ ಪಟ್ಟೆಯಾಗಿ ನಿಂತಿದೆಯಾ? ಹಾಗಿದ್ದರೆ ತಪ್ಪು ಪಂಪಿನದು. ನಾವು ಮೊದಲ ವರ್ಷ ಕೀಟದ ಎಣ್ಣೆ ಹೊಡೆಯುವ ನಾಜಲ್‌ನಲ್ಲೇ ಹೊಡೆದಿದ್ದೆವು. ಕಸಕ್ಕೆ ಬೀಸಣಿಗೆ ಹಾಗೆ ಅಗಲವಾಗಿ ಬೀಳುವ ನಾಜಲ್ ಬೇಕು. ಕಸ ಎರಡರಿಂದ ನಾಲ್ಕು ಎಲೆ ಇದ್ದಾಗ ಹೊಡೆಯಬೇಕು. ಮಳೆ ಬಿಡಲಿಲ್ಲ ಅಂತ ತಡಮಾಡಿ, ಗೇಣುದ್ದ ಬೆಳೆದ ಮೇಲೆ ಹೊಡೆದರೆ ಈ ಎಣ್ಣೆಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ.

ಬೇರೆ ಕಸ ಎಲ್ಲಾ ಸತ್ತು, ಒಂದೇ ಜಾತಿಯಲ್ಲಿ ಸತ್ತ ಗಿಡದ ಪಕ್ಕದಲ್ಲೇ ಹಸಿರು ಗಿಡ ನಿಂತಿದ್ದರೆ, ಆ ಜಾತಿ ಈ ಎಣ್ಣೆಗೆ ಸಾಯುವುದನ್ನೇ ಬಿಟ್ಟಿದೆಯಾ ಅಂತ ಅನುಮಾನ ಪಡು. ಹೋದ ವರ್ಷ ಒಂದು ಮೂಲೆಯಲ್ಲಿದ್ದದ್ದು ಈ ವರ್ಷ ಹರಡಿದ್ದರೆ ಇನ್ನೂ ಜಾಸ್ತಿ ಅನುಮಾನ. ಖಚಿತ ಮಾಡಿಕೊಳ್ಳಲು ನಾನು ಒಂದು ಕೆಲಸ ಮಾಡಿದೆ. ಬದುಕುಳಿದ ನಾಲ್ಕಾರು ಗಿಡದ ಬೀಜ ಒಂದು ಚೀಟಿಯಲ್ಲಿ ಕಟ್ಟಿಟ್ಟೆ. ಎಣ್ಣೆ ಎಂದೂ ಬೀಳದ ಬದುವಿನಿಂದ ಅದೇ ಜಾತಿಯ ಬೀಜ ಇನ್ನೊಂದು ಚೀಟಿಯಲ್ಲಿ. ಮುಂದಿನ ಮುಂಗಾರಿಗೆ ಎರಡು ಟ್ರೇಯಲ್ಲಿ ಬೇರೆ ಬೇರೆ ಹಾಕಿ, ಮೂರು ಎಲೆ ಬಂದಾಗ ಒಂದೇ ದಿನ, ಒಂದೇ ಅಳತೆಯಲ್ಲಿ ಹೊಡೆದೆ. ಮೂರು ವಾರದಲ್ಲಿ ಬದುವಿನದು ಪೂರ್ತಿ ಒಣಗಿತು. ಹೊಲದ್ದು ಅರ್ಧಕ್ಕಿಂತ ಜಾಸ್ತಿ ಹಸಿರಾಗೇ ಇತ್ತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕಸ ಎಣ್ಣೆ ಕುಡಿದು ಗಟ್ಟಿಯಾಗುವುದಲ್ಲ. ಲಕ್ಷಾಂತರ ಗಿಡದಲ್ಲಿ ಹುಟ್ಟಿನಿಂದಲೇ ಬೇರೆ ಥರದ್ದು ಒಂದೆರಡು ಇರುತ್ತವೆ. ಬೇರೆಲ್ಲಾ ಸಾಯುತ್ತವೆ, ಆ ಒಂದೆರಡು ಬದುಕಿ ಬೀಜ ಮಾಡುತ್ತವೆ. 1990ರ ದಶಕದ ಆರಂಭದಲ್ಲಿ ಹರಿಯಾಣದ ಗೋಧಿ ಹೊಲಗಳಲ್ಲಿ ಹೀಗೇ ಆಯಿತು. ವರ್ಷ ವರ್ಷವೂ ಐಸೊಪ್ರೋಟ್ಯುರಾನ್ ಅನ್ನುವ ಎಣ್ಣೆ ಒಂದನ್ನೇ ಹೊಡೆದು ಹೊಡೆದು, ಗುಲ್ಲಿ ಡಂಡಾ ಅನ್ನುವ ಹುಲ್ಲು ಅದಕ್ಕೆ ಸಾಯದೇ ಹೋಯಿತು. ಆಮೇಲೆ ಬಂದ ಹೊಸ ಎಣ್ಣೆಗಳಿಗೂ ಕೆಲವು ವರ್ಷದಲ್ಲಿ ಅದೇ ಗತಿ.

ಆದರೆ ಬದುವಿನ ಹಿತ್ತಗಣಿ ಕಸ ಗ್ಲೈಫೋಸೇಟ್ ಎಣ್ಣೆಗೆ ಸಾಯದಿದ್ದರೆ ಗಾಬರಿ ಬೇಡ. ಅದು ಮೊದಲಿಂದಲೂ ಸುಲಭಕ್ಕೆ ಸಾಯುವುದಿಲ್ಲ.

ಎಣ್ಣೆ ಬದಲಿಸುವಾಗ ಡಬ್ಬಿಯ ದೊಡ್ಡ ಹೆಸರು ನೋಡಬೇಡ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಒಳಗಿನ ಮದ್ದಿನ ಹೆಸರು ಓದು. ನಾನು ಇಮೆಜೆಥಾಪೈರ್ ಬಿಟ್ಟು ಕ್ಲೋರಿಮ್ಯುರಾನ್ ತಂದು, ಬದಲಿಸಿದೆ ಅಂದುಕೊಂಡಿದ್ದೆ. ಎರಡೂ ಕಸದೊಳಗೆ ಒಂದೇ ಜಾಗಕ್ಕೆ ಏಟು ಹಾಕುತ್ತವೆ, ಹಾಗಾಗಿ ಅದು ಬದಲಾವಣೆಯೇ ಅಲ್ಲ. ಈಗ ಬಿತ್ತಿದ ಮೂರು ದಿನದೊಳಗೆ, ಮಣ್ಣಲ್ಲಿ ಹಸಿ ಇರುವಾಗ, ಪೆಂಡಿಮೆಥಾಲಿನ್ ಹೊಡೆಯುತ್ತೇವೆ. ಅದು ಕಸದೊಳಗೆ ಬೇರೆ ಜಾಗಕ್ಕೆ ಏಟು ಹಾಕುವ ಬೇರೆಯೇ ಗುಂಪು. ಒಣ ನೆಲಕ್ಕೆ ಹೊಡೆದರೆ ಮಾತ್ರ ದುಡ್ಡು ದಂಡ.

ಇಷ್ಟಾದರೂ ನಮ್ಮ ಹೊಲ ಉಳಿಸಿದ್ದು ಸಾಲಿನ ನಡುವಿನ ಕಸ ತೆಗೆಯುವ ಎಡೆಕುಂಟೆ. ಎತ್ತು ಮಾರಿದ ಮೇಲೆ ಬಿಟ್ಟೇಬಿಟ್ಟಿದ್ದೆವು. ಈಗ ಬಾಡಿಗೆ ಎತ್ತು ತಂದು ಇಪ್ಪತ್ತನೇ ದಿನಕ್ಕೆ ಒಂದು, ಮೂವತ್ತೈದಕ್ಕೆ ಇನ್ನೊಂದು ಎಡೆ ಹೊಡೆಸುತ್ತೇವೆ. ರೋಹಿಣಿ ಮಳೆಗೆ ಹುಟ್ಟಿದ ಕಸವನ್ನು ಒಮ್ಮೆ ಹರಗಿ, ಆಮೇಲೆ ಬಿತ್ತುತ್ತೇವೆ. ಲಕ್ಷ್ಮೇಶ್ವರದ ನಮ್ಮ ಬೀಗರು ಸೋಯಾ ಹೊಲಕ್ಕೆ ಒಂದು ವರ್ಷ ಗೋವಿನಜೋಳ ಹಾಕಿದರು. ಬೆಳೆ ಬದಲಾದ ಹಾಗೆ ಎಣ್ಣೆಯೂ ತಾನಾಗೇ ಬದಲಾಯಿತು.

ನಿನಗೆ ಈಗ ತುರ್ತಾಗಿ ಆಗಬೇಕಾದ್ದು ಒಂದೇ. ಉಳಿದ ಹುಲ್ಲು ತೆನೆ ಬಿಡುವ ಮೊದಲು ನಾಲ್ಕು ಆಳು ಹಾಕಿ ಬೇರುಸಹಿತ ಕೀಳಿಸು. ಪರೀಕ್ಷೆಗೆ ಅಂತ ಮೂಲೆಯಲ್ಲಿ ನಾಲ್ಕೈದು ಗಿಡ ಗುರುತು ಮಾಡಿ ಬಿಡು, ಬೀಜ ಉದುರುವ ಮೊದಲೇ ಕೊಯ್ದುಕೋ. ಕಿತ್ತದ್ದನ್ನು ತಿಪ್ಪೆಗೆ ಹಾಕಬೇಡ, ಗೊಬ್ಬರದ ಜೊತೆ ಹೊಲಕ್ಕೇ ವಾಪಸ್ ಬರುತ್ತದೆ. ರಾಶಿ ಯಂತ್ರ ನಿನ್ನ ಹೊಲಕ್ಕೆ ಇಳಿಯುವ ಮೊದಲು ಒಳಗಿರುವ ಕಸದ ಬೀಜ ಜಾಡಿಸಿ ಅಂತ ಹೇಳು. ಒಂದು ಗಿಡ ಬೇರುಸಹಿತ ಚೀಲದಲ್ಲಿಟ್ಟು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ತೋರಿಸು, ನಿನಗೆ ಹತ್ತಿರ ಅಲ್ವಾ. ಯಾವ ಹುಲ್ಲು ಅಂತ ಗೊತ್ತಾದರೆ ನನಗೂ ತಿಳಿಸು.