ಓದುಗರ ಸ್ಪಂದನ: ಸೇವೆಗೆ ಹೋದವರು ಬಿಡುವು ಕೇಳಬಾರದೇ?

ಕಳೆದ ಸಂಚಿಕೆಯಲ್ಲಿ ಮಂಜೇಶ್ವರ ಸಮೀಪದ ಇಪ್ಪತ್ತೊಂದು ವರ್ಷದ ಓದುಗರೊಬ್ಬರು ತಮ್ಮ ಸಂದಿಗ್ಧವನ್ನು ಬರೆದಿದ್ದರು. ಕಳೆದ ವರ್ಷ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎಂಟು ವಾರ ಅವರು ನೀಲಗಿರಿಯ ಒಂದು ಕ್ರೈಸ್ತ ಕುಟುಂಬ ಶಿಬಿರದಲ್ಲಿ ದುಡಿದಿದ್ದರು. ಬೆಳಿಗ್ಗೆ ಐದಕ್ಕೆ ಚಹಾದ ನೀರು ಒಲೆಗಿಡುವುದು, ಮಕ್ಕಳ ಬೈಬಲ್ ತರಗತಿ, ಊಟ ಬಡಿಸುವುದು, ಕೋಣೆಗಳನ್ನು ಒಪ್ಪಗೊಳಿಸುವುದು, ಕನ್ನಡ, ತುಳು, ಮಲಯಾಳ ಬಲ್ಲವರಾದ್ದರಿಂದ ಕರೆದಲ್ಲಿಗೆ ಹೋಗಿ ಮಾತು ಅನುವಾದಿಸುವುದು ಎಲ್ಲವೂ ಅವರ ಪಾಲಿಗಿದ್ದವು, ಮಲಗುವಾಗ ಹನ್ನೊಂದಾಗುತ್ತಿತ್ತು. ಊಟ, ವಸತಿ, ಪ್ರಯಾಣದ ವೆಚ್ಚ, ಕೊನೆಯ ದಿನ ಒಂದು ಲಕೋಟೆ ಸಿಕ್ಕಿತು. ವಾರಕ್ಕೆ ಅರ್ಧ ದಿನ ಬಿಡುವು ಕೇಳಿದಾಗ ‘ಸೇವೆಗೆ ಬಂದವರು ಗಂಟೆಯ ಲೆಕ್ಕ ಇಡಬಾರದು’ ಎಂಬ ಉತ್ತರ ಬಂತು. ಆದರೂ ಆ ದಿನಗಳು ತಮ್ಮ ಬದುಕಿನ ಅತ್ಯಂತ ಸಂತೋಷದ ದಿನಗಳೆಂದು ಅವರು ಬರೆದಿದ್ದರು. ಈ ವರ್ಷವೂ ಕರೆ ಬಂದಿದೆ. ತಾಯಿ ಬೀಡಿ ಕಟ್ಟುತ್ತಾರೆ; ಮಗಳು ಸರ್ಕಾರಿ ಕೆಲಸಕ್ಕಾಗಿ ಪಿಎಸ್‌ಸಿ ಪರೀಕ್ಷೆಗೆ ಓದಲಿ ಎಂಬುದು ತಂದೆಯ ಆಸೆ. ‘ನಾನು ಹೋಗಲೇ? ಹೋಗುವ ಮೊದಲು ಬಿಡುವಿನ ಮಾತು, ಹಣದ ಮಾತು ಆಡಿದರೆ ಅದು ನನ್ನ ಭಕ್ತಿಯ ಕೊರತೆಯೇ?’ ಎಂದು ಅವರು ಕೇಳಿದ್ದರು.

ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಮೊದಲನೆಯ ಪತ್ರವನ್ನು ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

*

ಮಗಳೇ, ನಿನ್ನ ಪತ್ರವನ್ನು ನಾನು ಮೂರು ಸಲ ಓದಿದೆ. ನಾನೂ 1992ರ ಬೇಸಿಗೆಯಲ್ಲಿ ಅಂಥದೇ ಒಂದು ಶಿಬಿರಕ್ಕೆ ಹೋಗಿದ್ದೆ. ಅದು ನನ್ನ ಎರಡನೆಯ ವರ್ಷ. ಕೊಯಮತ್ತೂರಿನಲ್ಲಿ ರೈಲಿಳಿದು, ಮೇಟ್ಟುಪಾಳ್ಯಂ ದಾಟಿ ಬಸ್ಸು ಘಟ್ಟ ಹತ್ತುವಾಗ ಕಿಟಕಿಯಿಂದ ಬರುವ ಆ ತಣ್ಣನೆಯ ಗಾಳಿಗೆ ನಮ್ಮ ಊರಿನ ಏಪ್ರಿಲ್ ತಿಂಗಳ ಸೆಕೆಯೆಲ್ಲ ಮರೆತುಹೋಗುತ್ತಿತ್ತು. ನಲವತ್ತು ಮಕ್ಕಳ ಗುಂಪು ನನ್ನದು. ಅವರ ಹೆಸರುಗಳನ್ನು ಮೊದಲ ದಿನವೇ ಬಾಯಿಪಾಠ ಮಾಡುತ್ತಿದ್ದೆ.

ನನ್ನನ್ನು ಸಾಕಿದವರು ನನ್ನ ಅಜ್ಜಿ. ಆ ವರ್ಷದ ಮೇ ತಿಂಗಳ ಒಂದು ಮಂಗಳವಾರ ಅವರು ತೀರಿಕೊಂಡರು. ನೆರೆಮನೆಯವರು ಪೇಟೆಯ ಎಸ್‌ಟಿಡಿ ಬೂತಿಗೆ ಹೋಗಿ ಶಿಬಿರದ ಕಚೇರಿಗೆ ಕರೆ ಮಾಡಿ ತಿಳಿಸಿದರು. ಕಚೇರಿಯವರು ನನಗೆ ತಿಳಿಸಲಿಲ್ಲ. ಮಕ್ಕಳ ಕಾರ್ಯಕ್ರಮ ನಡುವಿನಲ್ಲಿ ನಿಲ್ಲಬಾರದು, ಹೇಗೂ ಹುಡುಗಿ ಮಣ್ಣಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಬ್ಯಾಚು ಮುಗಿದ ಮೇಲೆ ಸಮಾಧಾನವಾಗಿ ಹೇಳೋಣ ಎಂದು ನಿರ್ಧರಿಸಿದರಂತೆ. ಶನಿವಾರ ಮಧ್ಯಾಹ್ನ ಕೊನೆಯ ಕುಟುಂಬದ ವಾಹನ ಗೇಟು ದಾಟಿದ ಮೇಲೆ ನನ್ನನ್ನು ಕುಳ್ಳಿರಿಸಿ, ಪ್ರಾರ್ಥನೆ ಮಾಡಿ, ಆಮೇಲೆ ವಿಷಯ ಹೇಳಿದರು. ಅದರ ಹಿಂದಿನ ರಾತ್ರಿ ಸಮಾರೋಪದಲ್ಲಿ ನನ್ನ ಸೇವೆಯನ್ನು ಹೊಗಳಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿದ್ದರು. ವೇದಿಕೆಯ ಮೇಲಿದ್ದ ಮೂವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಅಜ್ಜಿಯ ಮಣ್ಣು ಆಯಿತು. ಆ ಹೊತ್ತಿಗೆ ನಾನು ನೋಹನ ನಾವೆಯ ಪಾಠಕ್ಕಾಗಿ ಬಣ್ಣದ ಕಾಗದದಲ್ಲಿ ಪ್ರಾಣಿಗಳನ್ನು ಎರಡೆರಡಾಗಿ ಕತ್ತರಿಸುತ್ತಿದ್ದೆ, ಆನೆಯ ಸೊಂಡಿಲು ಸರಿಯಾಗಿ ಬರಲಿಲ್ಲವೆಂದು ಮಕ್ಕಳ ಜೊತೆ ನಗುತ್ತಿದ್ದೆ ಎಂಬುದನ್ನು ನಾನು ಆಮೇಲೆ ದಿನ ಮತ್ತು ಗಂಟೆಗಳನ್ನು ಹೊಂದಿಸಿ ಲೆಕ್ಕಹಾಕಿ ಕಂಡುಕೊಂಡೆ. ಏಪ್ರಿಲ್‌ನಲ್ಲಿ ಅಜ್ಜಿ ಒಣಗಿಸಿ ಡಬ್ಬಕ್ಕೆ ತುಂಬಿದ್ದ ಹಲಸಿನ ಹಪ್ಪಳವನ್ನು ಆಟಿ ತಿಂಗಳ ಮಳೆಯಲ್ಲಿ ಅಮ್ಮ ಕರಿದು ತಟ್ಟೆಗೆ ಹಾಕಿದಾಗ ನಾನು ತಿನ್ನಲಾರದೆ ಎದ್ದುಹೋದೆ.

ಆ ಶಿಬಿರದವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕುಳಿತವರು ಅವರೇ. ಆದರೆ ನಾನು ಹೋಗಬೇಕೋ ಇರಬೇಕೋ ಎಂದು ತೀರ್ಮಾನಿಸುವ ಹಕ್ಕು ನನ್ನದಾಗಿತ್ತು. ಅದನ್ನು ಅವರು ದೇವರ ಕೆಲಸದ ಹೆಸರಿನಲ್ಲಿ ತಮ್ಮ ಕೈಗೆ ತೆಗೆದುಕೊಂಡರು. ಮರುವರ್ಷ ಕರೆ ಬಂದಾಗ ಪರೀಕ್ಷೆಯ ನೆಪ ಹೇಳಿದೆ. ಈ ಮಾತನ್ನು ನನ್ನ ಗಂಡನಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಹೋಗಬೇಡ ಎಂದು ನಾನು ಹೇಳುವುದಿಲ್ಲ. ಲಕೋಟೆಯಲ್ಲಿ ಎಷ್ಟಿರುತ್ತದೆ ಎಂದು ಕೇಳುವ ಮೊದಲು ಒಂದು ಮಾತು ಕೇಳು: ಮನೆಯಿಂದ ಕರೆ ಬಂದರೆ, ಅದು ಯಾವ ಹೊತ್ತಾದರೂ, ಯಾವ ಕಾರ್ಯಕ್ರಮ ನಡೆಯುತ್ತಿದ್ದರೂ, ನನಗೆ ತಿಳಿಸುತ್ತೀರಾ? ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎನ್ನಬಹುದು. ಸೇವೆಗೆ ಬಂದವರ ಮೊಬೈಲನ್ನು ಬೆಳಿಗ್ಗೆ ತೆಗೆದಿಟ್ಟು ರಾತ್ರಿ ಕೊಡುವ ಶಿಬಿರಗಳೂ ಇವೆ ಎಂದು ನನ್ನ ತಂಗಿಯ ಮಗಳು ಹೇಳುತ್ತಾಳೆ. ಅದನ್ನೂ ಕೇಳು.

– ಒಬ್ಬ ಗೃಹಿಣಿ, ಕಾಸರಗೋಡು

*

ಎಂಟು ವಾರವನ್ನು ದೇವರಿಗೆ ಕೊಡಲು ಹೊರಟವರು ಗಡಿಯಾರ ನೋಡಬಾರದು. ನೋಡುವ ಮನಸ್ಸಿದ್ದರೆ ಮನೆಯಲ್ಲಿರುವುದು ಲೇಸು. ಹಿಂದಿನವರು ಬರಿಗಾಲಿನಲ್ಲಿ ನಡೆದು ಸುವಾರ್ತೆ ಸಾರಿದರು. ಅವರು ಯಾರಲ್ಲಿಯೂ ಬಿಡುವು ಕೇಳಲಿಲ್ಲ.

– ಹಿರಿಯ ಓದುಗರು, ಉಪ್ಪಳ

*

ಇದೇ ಅಭಿಪ್ರಾಯದ ಇನ್ನೊಂದು ಪತ್ರವೂ ಬಂದಿದೆ. ಹಿಂದಿನವರ ಮಾತು ಬಂದುದರಿಂದ ಮುಂದಿನ ಪತ್ರವನ್ನು ಇಲ್ಲಿಯೇ ಕೊಡುವುದು ಸೂಕ್ತವೆನಿಸಿತು.

*

ನಾನು ಮೂವತ್ತು ವರ್ಷ ಸಭಾಪಾಲಕನಾಗಿದ್ದು ನಿವೃತ್ತನಾದವನು. ಬಿಡುವು ಕೇಳಿದವರಿಗೆ ಮಾರ್ಥಳ ಕಥೆ ಹೇಳುವುದು ನಮ್ಮಲ್ಲಿ ರೂಢಿ. ಅಡುಗೆಯ ಗಡಿಬಿಡಿಯಲ್ಲಿ ಮಾರ್ಥಳು ಬೇಸರಪಟ್ಟಳು, ಯೇಸುವಿನ ಪಾದದ ಬಳಿ ಕುಳಿತ ಮರಿಯಳು ಒಳ್ಳೆಯದನ್ನು ಆರಿಸಿಕೊಂಡಳು ಎಂದು ಬೋಧಿಸಿ, ಆಮೇಲೆ ಅದೇ ಹುಡುಗಿಯರನ್ನು ಬೋಧನೆಯ ಹೊತ್ತಿನಲ್ಲಿ ಪಾತ್ರೆ ತೊಳೆಯಲು ಕಳುಹಿಸುತ್ತೇವೆ. ಈ ಓದುಗರು ಎಂಟು ವಾರದಲ್ಲಿ ಒಂದೇ ಒಂದು ಸತ್ಯವೇದ ಅಧ್ಯಯನವನ್ನೂ ಕುಳಿತು ಕೇಳಲಾಗಲಿಲ್ಲ ಎಂದು ಬರೆದ ಸಾಲು ನನ್ನನ್ನು ಬಹಳ ನೋಯಿಸಿತು, ಏಕೆಂದರೆ ನಾನೂ ಅಂಥ ಶಿಬಿರಗಳಲ್ಲಿ ಬೋಧಿಸಿದ್ದೇನೆ, ಬಾಗಿಲ ಹೊರಗೆ ತಟ್ಟೆಗಳ ಸದ್ದು ಕೇಳಿಸಿಕೊಂಡೂ ಮಾತು ಮುಂದುವರಿಸಿದ್ದೇನೆ.

ಮಾರ್ಥಳ ಕಥೆ ಇರುವುದು ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕೊನೆಯಲ್ಲಿ. ಅದೇ ಅಧ್ಯಾಯದ ಮೊದಲ ಭಾಗದಲ್ಲಿ, 7ನೆಯ ವಚನದಲ್ಲಿ, ಶಿಷ್ಯರನ್ನು ಸೇವೆಗೆ ಕಳುಹಿಸುವಾಗಲೇ, ದುಡಿಯುವವನು ತನ್ನ ಕೂಲಿಗೆ ಅರ್ಹನು ಎಂಬ ಮಾತಿದೆ. ಮಾರ್ಕನ 6ನೆಯ ಅಧ್ಯಾಯದಲ್ಲಿ ಊಟಕ್ಕೂ ಸಮಯವಿಲ್ಲದಂತೆ ಜನರು ಬಂದು ಹೋಗುತ್ತಿದ್ದಾಗ, ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಶಿಷ್ಯರಿಗೆ ಹೇಳಿದವರು ಸ್ವತಃ ಯೇಸು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಸಬ್ಬತ್ ದಿನದ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರವಲ್ಲದೆ ಆಳುಗಳಿಗೂ ಎತ್ತು ಕತ್ತೆಗಳಿಗೂ ಸಲ್ಲಬೇಕೆಂದಿದೆ. ವಾರಕ್ಕೆ ಅರ್ಧ ದಿನ ಕೇಳಿದ ಹುಡುಗಿ ಆಜ್ಞೆಯಲ್ಲಿರುವುದಕ್ಕಿಂತ ಕಡಿಮೆಯನ್ನೇ ಕೇಳಿದ್ದಾಳೆ.

ನಮ್ಮ ಕರಾವಳಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಉಪದೇಶದ ಜೊತೆಗೆ ನೇಯ್ಗೆಯ ಶಾಲೆ, ಮುದ್ರಣಾಲಯಗಳನ್ನು ಸ್ಥಾಪಿಸಿದರು. 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಕ್ರೈಸ್ತರಾಗಿ ಕುಲ, ಕಸುಬು ಕಳೆದುಕೊಂಡು ಬಂದವರಿಗೆ ದುಡಿಮೆ ಬೇಕು, ದುಡಿಮೆಗೆ ಕೂಲಿ ಬೇಕು ಎಂಬುದು ಅವರಿಗೆ ತಿಳಿದಿತ್ತು. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಆರು ದಿನ ದುಡಿದು, ಎಣಿಸಿ ಕೂಲಿ ಪಡೆದು, ಭಾನುವಾರ ಬಿಳಿ ಅಂಗಿ ತೊಟ್ಟು ಆರಾಧನೆಗೆ ಹೋಗುತ್ತಿದ್ದರು. ಎಣಿಸಿದ್ದರಿಂದ ಅವರ ವಿಶ್ವಾಸಕ್ಕೆ ಕುಂದು ಬಂದುದನ್ನು ನಾನು ಕಾಣಲಿಲ್ಲ.

– ನಿವೃತ್ತ ಸಭಾಪಾಲಕರು, ಮಂಜೇಶ್ವರ

*

ನಾನು ಕ್ರೈಸ್ತನಲ್ಲ, ಶಿಬಿರಗಳ ಪರಿಚಯ ನನಗಿಲ್ಲ. ಆದರೆ ನಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಉಗ್ರಾಣ ನೋಡಿಕೊಂಡ ಅನುಭವವಿದೆ. ಸಾವಿರಾರು ಮಂದಿಗೆ ಊಟ ಬಡಿಸುವಲ್ಲಿ ಯಾರಿಗೂ ಸಂಬಳವಿಲ್ಲ. ಆದರೂ ಹೆಸರು ಬರೆದುಕೊಳ್ಳುವಾಗ ನಾವು ಮೊದಲು ಕೇಳುವ ಪ್ರಶ್ನೆ, ‘ನಿಮ್ಮ ಮನೆಯಲ್ಲಿ ಹಟ್ಟಿಯ ಕೆಲಸಕ್ಕೆ ಯಾರಿದ್ದಾರೆ?’ ಎಂಬುದು. ಹಾಲು ಕರೆಯುವವರಿಲ್ಲದ ಮನೆಯವನಿಗೆ ಮಧ್ಯಾಹ್ನದ ಪಾಳಿ ಮಾತ್ರ ಕೊಡುತ್ತೇವೆ. ತರಕಾರಿ ಹೆಚ್ಚುವವರಿಗೆ ಹತ್ತು ಗಂಟೆಗೆ ಚಹಾ, ಅವಲಕ್ಕಿ ತಪ್ಪಬಾರದು. ನಮ್ಮ ಉತ್ಸವ ಕೆಲವು ದಿನಗಳದ್ದು. ಎರಡು ತಿಂಗಳ ದುಡಿಮೆಯನ್ನು ಅದೇ ಅಳತೆಯಲ್ಲಿ ನೋಡುವುದು ಸರಿಯೇ ಎಂಬುದನ್ನು ಶಿಬಿರದವರು ಯೋಚಿಸಬೇಕು.

– ಅಡಿಕೆ ಕೃಷಿಕರು, ನೀರ್ಚಾಲು

*

ಶಿಬಿರ ನಡೆಸುವವರ ಮಾತನ್ನೂ ಕೇಳಬೇಕೆಂದು ಹಲವರು ಬರೆದಿದ್ದಾರೆ. ಅಂಥವರೊಬ್ಬರು ಗಡಿಯಾಚೆಯಿಂದ ಬರೆದ ಪತ್ರವನ್ನು ಸಂತೋಷದಿಂದ ಪ್ರಕಟಿಸುತ್ತಿದ್ದೇವೆ.

*

ನಾನು ಡೆಂಕಣಿಕೋಟೆಯ ಕಡೆಯ ಕನ್ನಡಿಗ. ಹದಿನಾಲ್ಕು ವರ್ಷಗಳಿಂದ ಏರ್ಕಾಡಿನಲ್ಲಿ ಬೇಸಿಗೆಯ ಕುಟುಂಬ ಶಿಬಿರ ನಡೆಸುವ ತಂಡದಲ್ಲಿದ್ದೇನೆ. ಒಂದು ಬ್ಯಾಚಿನಲ್ಲಿ ಎಂಬತ್ತು ಮಂದಿ ಇದ್ದರೆ ಮೂರು ಹೊತ್ತಿಗೆ 240 ತಟ್ಟೆಗಳಾಗುತ್ತವೆ. ಸಾಮಾನ್ಯ ಕುಟುಂಬಗಳೂ ಬರಲಿ ಎಂದು ಶುಲ್ಕವನ್ನು ಕಡಿಮೆ ಇಡುತ್ತೇವೆ. ಆ ಕಡಿಮೆ ಶುಲ್ಕ ನಿಂತಿರುವುದು ಸ್ವಯಂಸೇವಕರ ದುಡಿಮೆಯ ಮೇಲೆ ಎಂಬುದನ್ನು ನಾನು ಬಚ್ಚಿಡುವುದಿಲ್ಲ. ಎಲ್ಲಕ್ಕಿಂತ ಕಷ್ಟದ ದಿನ ಶನಿವಾರ. ಒಂದು ಬ್ಯಾಚು ಹೊರಟು ಇನ್ನೊಂದು ಬರುವ ನಡುವಿನ ಕೆಲವೇ ಗಂಟೆಗಳಲ್ಲಿ ಹೊದಿಕೆ, ಹಾಸುಗಳನ್ನೆಲ್ಲ ಬದಲಿಸಬೇಕು. ಮೇ ತಿಂಗಳ ಸಂಜೆಮಳೆಗೆ ಒಗೆದ ಕಂಬಳಿ ಒಣಗುವುದೂ ಇಲ್ಲ.

ನಾಲ್ಕು ವರ್ಷಗಳ ಹಿಂದೆ ಅಂಥ ಒಂದು ಶನಿವಾರ ನಮ್ಮ ಹುಡುಗನೊಬ್ಬ ಮೆಟ್ಟಿಲಿನ ಮೇಲೆ ಕುಸಿದು ಬಿದ್ದ. ಬೆಳಗಿನಿಂದ ಅವನು ಏನನ್ನೂ ತಿಂದಿರಲಿಲ್ಲ. ಅದನ್ನು ಗಮನಿಸಬೇಕಾದವನು ನಾನಾಗಿದ್ದೆ. ಮರುವರ್ಷದಿಂದ ಎಂಟು ಬ್ಯಾಚುಗಳನ್ನು ಆರಕ್ಕೆ ಇಳಿಸಿದೆವು, ಎರಡು ಬ್ಯಾಚುಗಳ ನಡುವೆ ಒಂದು ಪೂರ್ಣ ದಿನ ಖಾಲಿ ಬಿಟ್ಟೆವು, ಬಂದವರು ತಮ್ಮ ತಟ್ಟೆಯನ್ನು ತಾವೇ ತೊಳೆಯುವ ಕ್ರಮ ತಂದೆವು, ಸ್ವಯಂಸೇವಕರನ್ನು ಎರಡು ಪಾಳಿಗಳಾಗಿ ವಿಂಗಡಿಸಿ ಗೌರವಧನದ ಮೊತ್ತವನ್ನು ಕರೆಯ ಪತ್ರದಲ್ಲಿಯೇ ಬರೆಯತೊಡಗಿದೆವು. ಶುಲ್ಕವನ್ನು ಸ್ವಲ್ಪ ಏರಿಸಬೇಕಾಯಿತು. ತಟ್ಟೆ ತೊಳೆಯುವ ಸಾಲಿನಲ್ಲಿ ಅಪ್ಪಂದಿರು ನಿಂತು ಮಾತನಾಡುವುದೇ ಈಗ ನಮ್ಮ ಶಿಬಿರದ ಒಂದು ಒಳ್ಳೆಯ ಹೊತ್ತಾಗಿದೆ.

– ಶಿಬಿರ ಸಂಘಟಕರು, ಕೃಷ್ಣಗಿರಿ ಜಿಲ್ಲೆ

*

ಪಿಎಸ್‌ಸಿ ವಿಷಯದಲ್ಲಿ ತಂದೆಯವರ ಮಾತನ್ನು ಯಾರೂ ಹಗುರವಾಗಿ ಕಾಣಬಾರದು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಕ್ಲರ್ಕ್ ಹುದ್ದೆಗಳಿವೆ. ಶಿಬಿರದಲ್ಲಿ ಪುಕ್ಕಟೆಯಾಗಿ ಬಳಕೆಯಾದ ಭಾಷಾಜ್ಞಾನವೇ ಇಲ್ಲಿ ಜೀವನೋಪಾಯವಾಗಬಲ್ಲುದು. ದಿನಕ್ಕೆ ಎರಡು ಗಂಟೆ ಓದಲು ಬಿಡುವಿಲ್ಲದ ಕಡೆಗೆ ಹೋಗಬೇಡಿ.

– ತರಬೇತುದಾರರು, ಕುಂಬಳೆ

*

ನಾವು ಪ್ರತಿ ಮೇ ತಿಂಗಳಲ್ಲಿ ಮಕ್ಕಳೊಂದಿಗೆ ಇಂಥ ಶಿಬಿರಕ್ಕೆ ಹೋಗುವವರು. ನನ್ನ ಕಿರಿಯ ಮಗ ಮಾತು ಕಡಿಮೆ ಆಡುವ ಹುಡುಗ. ಎರಡು ವರ್ಷಗಳ ಹಿಂದೆ ಅಲ್ಲಿಯ ಒಬ್ಬ ಅಕ್ಕ ಅವನನ್ನು ಐದೇ ದಿನಗಳಲ್ಲಿ ಎಲ್ಲರ ಮುಂದೆ ನಿಂತು ಹಾಡುವಂತೆ ಮಾಡಿದಳು. ಅವಳ ಹೆಸರನ್ನು ಅವನು ಇಂದಿಗೂ ರಾತ್ರಿಯ ಪ್ರಾರ್ಥನೆಯಲ್ಲಿ ಹೇಳುತ್ತಾನೆ. ನಿಮ್ಮ ಪತ್ರ ಓದಿದ ಮೇಲೆ ಆ ಐದು ದಿನಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಆ ಹುಡುಗಿ ಊಟಕ್ಕೆ ಕುಳಿತದ್ದು ನನಗೆ ಒಮ್ಮೆಯೂ ನೆನಪಾಗಲಿಲ್ಲ. ನೀವು ಹೋಗಿ ಎಂದೇ ನನ್ನ ಆಸೆ. ಈ ಸಲ ನಾನು ನೋಡುತ್ತೇನೆ.

– ಇಬ್ಬರು ಮಕ್ಕಳ ತಾಯಿ, ಬೇಳ

*

ಎಲ್ಲರೂ ಹುಡುಗಿಯ ವಿಷಯ ಬರೆಯುತ್ತಾರೆ. ಅವಳ ತಾಯಿಯ ವಿಷಯ ನಾನು ಬರೆಯುತ್ತೇನೆ. ನಾನೂ ಮೂವತ್ತೆರಡು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದೇನೆ. ಸಾವಿರಕ್ಕೆ ಇಷ್ಟು ಎಂದು ಎಣಿಸಿಯೇ ನಮ್ಮ ಅಕ್ಕಿ, ಮಕ್ಕಳ ಫೀಸು ಎಲ್ಲ ನಡೆದದ್ದು. ಎಣಿಸುವುದು ನಾಚಿಕೆಯ ಕೆಲಸವೆಂದು ನಮಗೆ ಯಾರೂ ಹೇಳಿಲ್ಲ. ಮಗಳು ಎಂಟು ವಾರ ಹೊರಟರೆ ಎಲೆ ಕತ್ತರಿಸಿ ಕೊಡುವ ಒಂದು ಕೈ ಕಡಿಮೆಯಾಗುತ್ತದೆ. ಆದರೂ ನನ್ನ ಮಗಳಾಗಿದ್ದರೆ ನಾನು ಕಳುಹಿಸುತ್ತಿದ್ದೆ. ಬೆಟ್ಟದ ಮೇಲೆ ಬೆಳಿಗ್ಗೆ ಐದಕ್ಕೆ ಏಳುವವಳಿಗೆ ದಪ್ಪ ಸ್ವೆಟರ್ ಇದೆಯೇ ಎಂದು ಯಾರಾದರೂ ಕೇಳಿದ್ದಾರೆಯೇ? ನನ್ನ ಬಳಿ ಒಂದಿದೆ. ಪತ್ರಿಕೆಯ ಕಚೇರಿಗೆ ತಲುಪಿಸುತ್ತೇನೆ.

– ಬೀಡಿ ಕಾರ್ಮಿಕರು, ಬಂದ್ಯೋಡು

*

ಸ್ವೆಟರ್ ತಲುಪಿದೆ. ಓದುಗರು ಅದನ್ನು ಪಡೆದುಕೊಳ್ಳಲು ಬಂದಿದ್ದಾಗ, ಶಿಬಿರದವರಿಗೆ ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿರುವುದಾಗಿ ತಿಳಿಸಿದರು. ಮೊದಲನೆಯದು ಮನೆಯಿಂದ ಬರುವ ಕರೆಯ ಕುರಿತದ್ದು. ಉತ್ತರ ಬಂದ ಮೇಲೆಯೇ ರೈಲಿನ ಟಿಕೆಟು ಮಾಡಿಸುತ್ತಾರಂತೆ.

– ಸಂಪಾದಕರು