ಅಪ್‌ಡೇಟ್: ಬ್ಯಾಕಪ್ ಸರ್ವರ್ ನಿಧಾನವಾಗಿದ್ದುದಕ್ಕೆ ಕಾರಣ ಸ್ವಿಚ್ ಪೋರ್ಟ್

ಕಚೇರಿಯ ಮುಖ್ಯ ಸರ್ವರ್‌ನಲ್ಲಿ ಫೈಲ್ ಕಾಪಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ವೇಗದಲ್ಲಿ ಸಾಗುತ್ತಿದ್ದರೂ, ಅದೇ ಮಾದರಿಯ ಬ್ಯಾಕಪ್ ಸರ್ವರ್‌ನಲ್ಲಿ 2 ಮೆಗಾಬೈಟ್ ದಾಟುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ. ಈಗ ಸಮಸ್ಯೆ ಬಗೆಹರಿದಿದೆ.

ಕೇಬಲ್ ಬದಲಿಸಿದ್ದರಿಂದಾಗಲಿ ಡ್ರೈವರ್ ಅಪ್‌ಡೇಟ್ ಮಾಡಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ಇಥ್‌ಟೂಲ್ (ನೆಟ್‌ವರ್ಕ್ ಸಂಪರ್ಕದ ಸ್ಥಿತಿ ತೋರಿಸುವ ಲಿನಕ್ಸ್ ಕಮಾಂಡ್) ಓಡಿಸಿ ನೋಡಿ ಎಂದವರ ಸಲಹೆಯೇ ಫಲಿಸಿತು: ವೇಗ 100 ಮೆಗಾಬಿಟ್, ಡ್ಯುಪ್ಲೆಕ್ಸ್ ಹಾಫ್ (ಒಮ್ಮೆಗೆ ಕಳಿಸುವುದು ಇಲ್ಲವೇ ಪಡೆಯುವುದು, ಎರಡರಲ್ಲಿ ಒಂದೇ) ಎಂದು ಅದು ತೋರಿಸಿತು. ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್‌ನಲ್ಲಿ ಬ್ಯಾಕಪ್ ಸರ್ವರ್‌ನ ಕೇಬಲ್ ಸೇರುವ ಪೋರ್ಟನ್ನು ಹಿಂದೆಂದೋ ಯಾರೋ 100 ಮೆಗಾಬಿಟ್, ಫುಲ್ ಡ್ಯುಪ್ಲೆಕ್ಸ್‌ಗೆ (ಏಕಕಾಲಕ್ಕೆ ಕಳಿಸುವುದೂ ಪಡೆಯುವುದೂ) ಕಟ್ಟಿಹಾಕಿದ್ದರು. ಹೀಗೆ ಒಂದು ತುದಿಯಲ್ಲಿ ಆಟೋ ನೆಗೋಷಿಯೇಷನ್ (ವೇಗ, ಡ್ಯುಪ್ಲೆಕ್ಸ್‌ಗಳನ್ನು ಎರಡು ತುದಿಗಳು ತಾವೇ ಮಾತಾಡಿಕೊಂಡು ನಿಗದಿಪಡಿಸುವುದು) ನಿಂತುಹೋದಾಗ, ಆಟೋದಲ್ಲಿರುವ ಇನ್ನೊಂದು ತುದಿಯು ಸಿಗ್ನಲ್ ನೋಡಿ ವೇಗವನ್ನು ಗುರುತಿಸಬಲ್ಲದೇ ಹೊರತು ಡ್ಯುಪ್ಲೆಕ್ಸ್ ಅನ್ನು ತಿಳಿಯಲಾರದಾದ್ದರಿಂದ, ನಿಯಮದ ಪ್ರಕಾರ ಹಾಫ್‌ಗೆ ಇಳಿಯುತ್ತದೆ. ಎರಡು ತುದಿಗಳ ಡ್ಯುಪ್ಲೆಕ್ಸ್ ಹೀಗೆ ಬೇರೆಯಾದಾಗ ಡೇಟಾ ಡಿಕ್ಕಿಯಾಗಿ ವೇಗ ಕುಸಿಯುತ್ತದೆ.

ನನಗೆ ಅಚ್ಚರಿಯಾದದ್ದು ಪಿಂಗ್ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ವಿಷಯ. ಒಂದೂ ಪ್ಯಾಕೆಟ್ ಕಳೆಯದೆ ಅದು 1 ಮಿಲಿಸೆಕೆಂಡಿನೊಳಗೆ ಉತ್ತರ ಕೊಡುತ್ತಿತ್ತು, ಏಕೆಂದರೆ ಎರಡೂ ಕಡೆಯಿಂದ ದಟ್ಟಣೆ ಏರಿದಾಗ ಮಾತ್ರ ಈ ದೋಷ ಹೊರಬೀಳುತ್ತದೆ. ಸ್ವಿಚ್‌ನಲ್ಲಿ ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾದ ಎಣಿಕೆ), ಸರ್ವರ್‌ನಲ್ಲಿ ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ) ಏರುತ್ತಿದ್ದರೆ ಇದನ್ನೇ ಮೊದಲು ಶಂಕಿಸಿ. ತಾಮ್ರದ ಕೇಬಲ್‌ನಲ್ಲಿ ಗಿಗಾಬಿಟ್‌ಗೆ ಆಟೋ ನೆಗೋಷಿಯೇಷನ್ ಕಡ್ಡಾಯವಾದ್ದರಿಂದ ಪೋರ್ಟನ್ನು ಆಟೋಗೆ ಮರಳಿಸಿದೆ. ಬ್ಯಾಕಪ್ ಸರ್ವರ್ ಕೂಡಲೇ ಮುಖ್ಯ ಸರ್ವರ್‌ನ ವೇಗಕ್ಕೆ ಬಂತು.