ವಿಂಡೋಸ್ 7ಕ್ಕೆ ಬಂದ 2018ರ ಜನವರಿ ಪ್ಯಾಚೇ ಮೆಮೊರಿನ ತೆರೆದಿಟ್ಟಿತ್ತಂತೆ, ಹಳೇ ಲ್ಯಾಬ್ ಪಿಸಿಗೆ ಈಗೇನು ಮಾಡ್ಲಿ?

ಹಳೇಯಂತ್ರ

ಎಲ್ರಿಗೂ ನಮಸ್ಕಾರ. ನಾನು ನೋಡ್ಕೊಳ್ಳೋ ಲ್ಯಾಬಲ್ಲಿ ಒಂದು ಅಳತೆ ಯಂತ್ರ ಇದೆ, ಅದರ ಡ್ರೈವರ್ ವಿಂಡೋಸ್ 7 ಬಿಟ್ಟು ಬೇರೆ ಯಾವುದರಲ್ಲೂ ಓಡಲ್ಲ, ಹೊಸ ಡ್ರೈವರ್ ಬರೋದು ಯಾವತ್ತೋ ನಿಂತೋಯ್ತು. ಅದಕ್ಕೇ 64 ಬಿಟ್ ವಿಂಡೋಸ್ 7 ಇರೋ ಒಂದು ಇಂಟೆಲ್ ಪಿಸಿನ ಇವತ್ತಿಗೂ ಇಟ್ಕೊಂಡಿದ್ದೀವಿ. ನೆಟ್ ಕೇಬಲ್ ಕಿತ್ತಿದ್ದೀನಿ. ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಸಾಮಾನ್ಯ ಅಕೌಂಟು, ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ರ ಮಾತ್ರ, ಅಳತೆ ಫೈಲುಗಳು ಪೆನ್‌ಡ್ರೈವಲ್ಲಿ ಓಡಾಡ್ತವೆ.

ಮೊನ್ನೆ ಅಪ್‌ಡೇಟ್ ಪಟ್ಟಿ ತೆಗೆದು ನೋಡಿದ್ರೆ ಕೊನೇದು ಕೆಬಿ4056897, 2018ರ ಜನವರಿದು, ನನಗಿಂತ ಮುಂಚೆ ನೋಡ್ಕೊಳ್ತಿದ್ದವರು ಹಾಕಿರೋದು. ಅದಾದ್ಮೇಲೆ ಏನೂ ಇಲ್ಲ. ಮೆಲ್ಟ್‌ಡೌನ್‌ಗೆ (ಸಾಮಾನ್ಯ ಪ್ರೋಗ್ರಾಮೂ ಸಿಸ್ಟಮ್‌ನ ಗುಟ್ಟಿನ ಮೆಮೊರಿ ಓದೋಕೆ ಬಿಡೋ ಪ್ರೊಸೆಸರ್ ದೋಷ) ಬಂದ ಪ್ಯಾಚ್ ಅಲ್ವಾ, ಸದ್ಯ ಅದಾದ್ರೂ ಇದೆಯಲ್ಲ ಅಂದ್ಕೊಂಡೆ. ಗೊತ್ತಿರೋರೊಬ್ಬರ ಹತ್ರ ಹೇಳಿದ್ರೆ ಅವರು, ಆ ಪ್ಯಾಚ್ ಇರೋದಕ್ಕಿಂತ ಇಲ್ದೇ ಇದ್ರೇ ವಾಸಿ, ಅದು ಇನ್ನೂ ದೊಡ್ಡ ತೂತು ಕೊರೆದಿದೆ ಅಂದ್ಬಿಟ್ರು. ನಿಜಾನಾ? ಭದ್ರತೆಗೆ ಅಂತ ಬಂದ ಪ್ಯಾಚ್ ಹಂಗೆ ಮಾಡೋಕೆ ಹೇಗೆ ಸಾಧ್ಯ? ತೆಗೆದುಹಾಕ್ಲಾ, ಇಲ್ಲ ಅದರ ಮೇಲೆ ಇನ್ನೇನಾದ್ರೂ ಹಾಕ್ಬೇಕಾ? ನೆಟ್ ಇಲ್ಲ ಅಂದ್ಮೇಲೆ ತಲೆ ಕೆಡಿಸ್ಕೊಳ್ಳೋದೇ ಬೇಡ್ವಾ?

ಪುಟಲೆಕ್ಕ

ನಿಜ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು. ಟೋಟಲ್ ಮೆಲ್ಟ್‌ಡೌನ್ ಅಂತ ಹೆಸರು, ಭದ್ರತಾ ದೋಷಗಳ ಪಟ್ಟಿಯಲ್ಲಿ ನಂಬರು ಸಿವಿಇ-2018-1038. ಉಲ್ಫ್ ಫ್ರಿಸ್ಕ್ ಅನ್ನೋ ಸಂಶೋಧಕರು 2018ರ ಮಾರ್ಚ್ ಕೊನೇಲಿ ಇದನ್ನ ಹೊರಗೆ ಹೇಳಿದ್ರು. 64 ಬಿಟ್ ವಿಂಡೋಸ್ 7 ಮತ್ತು ಸರ್ವರ್ 2008 ಆರ್2 ಮಾತ್ರ ಇದಕ್ಕೆ ಸಿಕ್ಕಿದ್ದು, 8.1 ಮತ್ತು 10ಕ್ಕೆ ಏನೂ ಆಗಿಲ್ಲ.

ಹೇಗಾಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ತಪ್ಪು ನಡೆದಿರೋದು ಒಂದೇ ಒಂದು ಬಿಟ್‌ನಲ್ಲಿ. ಪ್ರೋಗ್ರಾಮ್ ಬಳಸೋ ವಿಳಾಸ ಬೇರೆ, ರ‍್ಯಾಮ್‌ನ ನಿಜವಾದ ವಿಳಾಸ ಬೇರೆ. ಯಾವುದು ಎಲ್ಲಿದೆ ಅನ್ನೋ ಲೆಕ್ಕ ಪೇಜ್ ಟೇಬಲ್‌ಗಳಲ್ಲಿರತ್ತೆ. ಆಗಿನ 64 ಬಿಟ್ ಇಂಟೆಲ್ ಪ್ರೊಸೆಸರಲ್ಲಿ ಇದು ನಾಲ್ಕು ಹಂತ, ಎಲ್ಲಕ್ಕಿಂತ ಮೇಲಿನ ಹಂತಕ್ಕೆ ಪಿಎಂಎಲ್4 ಅಂತಾರೆ. ಅದ್ರಲ್ಲಿ 512 ಸಾಲು, ಒಂದೊಂದು 8 ಬೈಟು, ಒಟ್ಟು ಸರಿಯಾಗಿ 4096 ಬೈಟಿನ ಒಂದು ಪುಟ. ಪ್ರತಿ ಸಾಲಲ್ಲೂ ಒಂದು ಬಿಟ್ ಇರತ್ತೆ, ಇಲ್ಲಿಗೆ ಸಾಮಾನ್ಯ ಪ್ರೋಗ್ರಾಮ್ ಬರಬಹುದಾ ಇಲ್ಲ ಕರ್ನಲ್ (ಸಿಸ್ಟಮ್‌ನ ತಿರುಳು) ಮಾತ್ರಾನಾ ಅಂತ ಹೇಳೋದು ಅದೇ.

ಈಗ ಈ ಲೆಕ್ಕದ ಪುಸ್ತಕವನ್ನ ಕರ್ನಲ್ ಆಗಾಗ ತಿದ್ದಬೇಕಲ್ಲ, ಅದಕ್ಕೆ ವಿಂಡೋಸ್ ಆ 512ರಲ್ಲಿ ಒಂದು ಸಾಲನ್ನ ಪಿಎಂಎಲ್4 ತನ್ನನ್ನೇ ತೋರಿಸೋ ಹಾಗೆ ಇಟ್ಕೊಳ್ಳತ್ತೆ. ಇದರಿಂದ ಎಲ್ಲಾ ಪೇಜ್ ಟೇಬಲ್‌ಗಳೂ ಮಾಮೂಲಿ ಮೆಮೊರಿ ಥರ ಕಣ್ಣಿಗೆ ಬೀಳ್ತವೆ. ಕರ್ನಲ್ ಒಂದಕ್ಕೇ ಕಾಣೋವರೆಗೂ ಇದರಿಂದ ಯಾವ ತೊಂದರೆನೂ ಇಲ್ಲ. ಜನವರಿ ಪ್ಯಾಚ್ ಬಂದಾಗ ಆ ಒಂದು ಸಾಲಿನ ಬಿಟ್ ಕರ್ನಲ್ ಕಡೆಯಿಂದ ಯೂಸರ್ ಕಡೆಗೆ ತಿರುಗಿಬಿಡ್ತು. ಅಷ್ಟೇ. ಅಲ್ಲಿಂದ ಮುಂದೆ ಯಾವ ಪುಟ್ಟ ಪ್ರೋಗ್ರಾಮ್ ಬೇಕಾದ್ರೂ ಲೆಕ್ಕದ ಪುಸ್ತಕ ಓದಬಹುದು, ತಿದ್ದಲೂಬಹುದು, ತಿದ್ದೋಕಾದ್ರೆ ರ‍್ಯಾಮ್‌ನ ಯಾವ ಮೂಲೆ ಬೇಕಾದ್ರೂ ನನ್ನದು ಅಂತ ಬರ್ಕೊಬಹುದು. ಅದೂ ಅಲ್ದೆ ವಿಂಡೋಸ್ 7ರಲ್ಲಿ ಆ ಸಾಲು ಎಲ್ಲಾ ಪಿಸಿಗಳಲ್ಲೂ ಒಂದೇ ಕಡೆ, 493ನೇ ಜಾಗದಲ್ಲಿ (ವಿಂಡೋಸ್ 10ರಲ್ಲಿ ಮುಂದೆ ಇದನ್ನ ಪ್ರತಿ ಬೂಟಿಗೂ ಬದಲಾಗೋ ಹಾಗೆ ಮಾಡಿದ್ರು). ಹಾಗಾಗಿ ಹುಡುಕೋ ಕೆಲಸಾನೂ ಇಲ್ಲ.

ಮೂಲ ಮೆಲ್ಟ್‌ಡೌನ್‌ಗೆ ಹೋಲಿಸಿ ನೋಡಿ. ಅದನ್ನ ಕಂಡುಹಿಡಿದವರು ತಮ್ಮ ಪ್ರಬಂಧದಲ್ಲಿ ಕೊಟ್ಟಿರೋ ಗರಿಷ್ಠ ವೇಗ ಸೆಕೆಂಡಿಗೆ 503 ಕಿಲೋಬೈಟ್, ಅದೂ ಓದೋಕೆ ಮಾತ್ರ. ಇದ್ರಲ್ಲಿ ಸೆಕೆಂಡಿಗೆ ಗಿಗಾಬೈಟ್ ಲೆಕ್ಕದಲ್ಲಿ ಓದೋದು, ಬರೆಯೋದೂ ಸೇರಿ. ನಿಮ್ಮ ಗೊತ್ತಿರೋರು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ.

ಸುಮ್ನಿರಿ

ಇಷ್ಟೆಲ್ಲಾ ಯಾಕೆ, ನೆಟ್ಟೇ ಇಲ್ವಲ್ಲ. ಓಡ್ತಿರೋ ಹಳೇ ಪಿಸಿನ ಮುಟ್ಟಬಾರದು, ಮುಟ್ಟಿ ಡ್ರೈವರ್ ಕೆಟ್ರೆ ಲ್ಯಾಬ್ ಕೆಲಸಾನೇ ನಿಂತೋಗತ್ತೆ. ನನ್ನ ಕೇಳಿದ್ರೆ ಇಂಥ ಅಜಾಗರೂಕತೆ ಆಗೋದು ವಿಂಡೋಸಲ್ಲೇ, ಸೋರ್ಸ್ ಕೋಡ್ ನಾಲ್ಕು ಜನ ನೋಡೋ ಕಡೆ ಒಂದು ಬಿಟ್ ತಪ್ಪಾದ್ರೂ ಅವತ್ತೇ ಯಾರಾದ್ರೂ ಹಿಡೀತಾರೆ.

ರಾತ್ರಿಪಾಳಿ

ಸುಮ್ನಿರಿ ಅವರೇ, ಮೊದಲನೇ ಮಾತನ್ನ ನಾನು ಒಪ್ಪಲ್ಲ. ಈ ದೋಷ ನೆಟ್‌ನಿಂದ ಬರೋದಲ್ಲ, ಪಿಸಿ ಮುಂದೆ ಕೂತು ಯಾವುದೋ ಒಂದು ಪ್ರೋಗ್ರಾಮ್ ಓಡಿಸಿದ್ರೆ ಸಾಕು. ಇವರ ಪಿಸಿಯಲ್ಲಿ ದಿನಾ ಹತ್ತಾರು ಜನ ಸಾಮಾನ್ಯ ಅಕೌಂಟಲ್ಲಿ ಲಾಗಿನ್ ಆಗ್ತಾರೆ, ಪೆನ್‌ಡ್ರೈವ್ ಚುಚ್ತಾರೆ. ಸಾಮಾನ್ಯ ಅಕೌಂಟಿಗೂ ಅಡ್ಮಿನ್ನಿಗೂ ನಡುವೆ ಇರೋ ಗೋಡೆನೇ ಬಿದ್ದಿರೋವಾಗ ಕೇಬಲ್ ಕಿತ್ತು ಏನು ಪ್ರಯೋಜನ? ವಿದ್ಯಾರ್ಥಿಗಳನ್ನ ಅನುಮಾನದಿಂದ ನೋಡಿ ಅಂತಿಲ್ಲ, ಅವರ ಪೆನ್‌ಡ್ರೈವಲ್ಲಿ ಅವರಿಗೇ ಗೊತ್ತಿಲ್ದೆ ಬರೋದರ ಬಗ್ಗೆ ಹೇಳ್ತಿದ್ದೀನಿ.

ಹಳೇಯಂತ್ರ, ನಿಮ್ಮ ಪಟ್ಟಿಯಲ್ಲಿರೋ ಕೆಬಿ4056897 ಅನ್ನೋದು ಸೆಕ್ಯುರಿಟಿ ಓನ್ಲಿ ಪ್ಯಾಕೇಜು. ಇಲ್ಲೇ ತುಂಬಾ ಜನ ಎಡವೋದು. ಮಂತ್ಲಿ ರೋಲಪ್ ಹಾಕೋರಿಗೆ ಹಿಂದಿನದೆಲ್ಲಾ ಸೇರಿ ಬರತ್ತೆ, ಮುಂದಿನ ತಿಂಗಳದ್ದು ಹಾಕಿದ್ರೆ ಹಿಂದಿನ ತಪ್ಪೂ ಸರಿಹೋಗತ್ತೆ. ಸೆಕ್ಯುರಿಟಿ ಓನ್ಲಿ ಹಾಗಲ್ಲ, ಆಯಾ ತಿಂಗಳದ್ದು ಮಾತ್ರ. ಒಂದು ತಿಂಗಳು ಬಿಟ್ರೆ ಆ ತಿಂಗಳದ್ದು ಬಿಟ್ಟ ಹಾಗೇ. ಈ ದೋಷಕ್ಕೆ ಅಂತಲೇ ಮೈಕ್ರೋಸಾಫ್ಟ್ 2018ರ ಮಾರ್ಚ್ 29ಕ್ಕೆ, ತಿಂಗಳ ಅಪ್‌ಡೇಟ್ ಬರೋ ಮಾಮೂಲಿ ಎರಡನೇ ಮಂಗಳವಾರಕ್ಕೂ ಕಾಯದೆ, ಕೆಬಿ4100480 ಬಿಡ್ತು. ಏಪ್ರಿಲ್ ರೋಲಪ್ ಕೆಬಿ4093118ರಲ್ಲೂ ಅದು ಸೇರಿದೆ.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಮೊದಲು ಪೂರ್ತಿ ಡಿಸ್ಕ್ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆದು ಬೇರೆ ಡಿಸ್ಕಲ್ಲಿ ಇಡೋದು, ಇದನ್ನ ಬಿಟ್ಟು ಮುಂದೆ ಹೋಗ್ಲೇಬೇಡಿ. ಆಮೇಲೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಬೇರೆ ಪಿಸಿಯಲ್ಲಿ ಫೈಲುಗಳನ್ನ ಇಳಿಸ್ಕೊಂಡು, ಮೊದಲು ಕೆಬಿ4490628, ನಂತರ ಕೆಬಿ4474419, ರೀಸ್ಟಾರ್ಟ್, ಕೊನೇಗೆ ಕೆಬಿ4534310. ಕೊನೇದು 2020ರ ಜನವರಿ 14ರ ರೋಲಪ್, ಎಲ್ಲರಿಗೂ ಪುಕ್ಕಟೆ ಸಿಕ್ಕ ಕೊನೇದು. ಮೊದಲ ಎರಡು ಯಾಕಂದ್ರೆ 2019ರಿಂದ ಅಪ್‌ಡೇಟ್‌ಗಳ ಡಿಜಿಟಲ್ ಸಹಿ ಎಸ್‌ಎಚ್‌ಎ-2 ಅನ್ನೋ ಹೊಸ ವಿಧಾನಕ್ಕೆ ಬದಲಾಯ್ತು, ಅವಿಲ್ದೆ ಹಳೇ ವಿಂಡೋಸ್ 7ಕ್ಕೆ ಹೊಸ ಸಹಿ ಅರ್ಥವಾಗಲ್ಲ. ಅಷ್ಟು ದೂರ ಹೋಗೋಕೆ ಡ್ರೈವರ್ ಭಯ ಇದ್ರೆ ಕೆಬಿ4100480 ಒಂದನ್ನಾದ್ರೂ ಇವತ್ತೇ ಹಾಕಿ. ಜನವರಿ ಪ್ಯಾಚ್ ತೆಗೆದ್ರೆ ಈ ತೂತು ಮುಚ್ಚತ್ತೆ ಆದ್ರೆ ಮೂಲ ಮೆಲ್ಟ್‌ಡೌನ್ ವಾಪಸ್ ಬಂದು ಕೂರತ್ತೆ, ಅದು ಬೇಡ.

ಕೋಡುಓದುಗ

ಸೋರ್ಸ್ ತೆರೆದಿದ್ರೆ ಅವತ್ತೇ ಸಿಗತ್ತೆ ಅನ್ನೋದಕ್ಕೆ ನನ್ನದೊಂದು ಮಾತು, ನಾನು ದಿನಾ ಬಳಸೋದು ಲಿನಕ್ಸೇ. ಲಿನಕ್ಸ್ ಕರ್ನಲ್‌ನ ಡರ್ಟಿ ಕೌ ದೋಷ ನೆನಪಿದೆಯಾ, ಸಿವಿಇ-2016-5195? ಒಂದೇ ಪುಟವನ್ನ ಇಬ್ಬರು ಹಂಚ್ಕೊಂಡಿರ್ತಾರೆ, ಯಾರಾದ್ರೂ ಬರೆಯೋಕೆ ಹೋದಾಗ ಮಾತ್ರ ಅವರಿಗೊಂದು ಪ್ರತಿ ಮಾಡ್ಕೊಡೋದು, ಇದಕ್ಕೆ ಕಾಪಿ ಆನ್ ರೈಟ್ ಅಂತಾರೆ. ಆ ಪ್ರತಿ ಮಾಡೋದಕ್ಕೂ ಅದರಲ್ಲಿ ಬರೆಯೋದಕ್ಕೂ ನಡುವಿನ ಚೂರು ಸಮಯದಲ್ಲಿ ಇನ್ನೊಂದು ಥ್ರೆಡ್ (ಜೊತೆಯಲ್ಲೇ ಓಡ್ತಿರೋ ಕೆಲಸ) ಬಂದು ಪ್ರತಿಯನ್ನ ಎಸೆದುಬಿಟ್ರೆ, ಬರಹ ಹೋಗಿ ಮೂಲ ಪುಟದ ಮೇಲೇ ಬೀಳ್ತಿತ್ತು. ಅಂದ್ರೆ ಓದೋಕೆ ಮಾತ್ರ ಅನುಮತಿ ಇರೋ ಸಿಸ್ಟಮ್ ಫೈಲನ್ನ ಸಾಮಾನ್ಯ ಬಳಕೆದಾರ ತಿದ್ದಬಹುದಿತ್ತು, ಹಾಗೇ ರೂಟ್ (ಲಿನಕ್ಸಿನ ಅಡ್ಮಿನ್) ಆಗಬಹುದಿತ್ತು.

2007ರ 2.6.22 ಕರ್ನಲ್‌ನಿಂದ 2016ರ ಅಕ್ಟೋಬರ್‌ವರೆಗೂ ಅದು ಎಲ್ಲರ ಕಣ್ಣೆದುರೇ ಇತ್ತು. ಅದಕ್ಕೂ ಮುಂಚೆ 2005ರಲ್ಲೇ ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಇದನ್ನ ಸರಿಮಾಡೋಕೆ ನೋಡಿದ್ರು, ಆ ತಿದ್ದುಪಡಿಯಿಂದ ಐಬಿಎಂನ ಎಸ್390 ಅನ್ನೋ ದೊಡ್ಡ ಯಂತ್ರಗಳಲ್ಲಿ ತೊಂದರೆ ಬಂತು ಅಂತ ವಾಪಸ್ ತೆಗೆದ್ರು. ಕೊನೆಗೆ ಫಿಲ್ ಓಸ್ಟರ್ ಅನ್ನೋರಿಗೆ ಇದು ಸಿಕ್ಕಿದ್ದು ಕೋಡ್ ಓದಿ ಅಲ್ಲ, ದಾಳಿಯಾದ ಸರ್ವರ್‌ಗೆ ಬಂದಿದ್ದ ಟ್ರಾಫಿಕ್ ಹಿಡಿದಿಟ್ಟಿದ್ರಿಂದ. 2016ರಲ್ಲಿ ಸರಿಮಾಡಿದ್ದೂ ಪೂರ್ತಿ ಅಲ್ಲ, ದೊಡ್ಡ ಪುಟಗಳ ವಿಷಯದಲ್ಲಿ ಅದೇ ಪ್ಯಾಚಿಂದ ಇನ್ನೊಂದು ದೋಷ 2017ರ ನವೆಂಬರಲ್ಲಿ ಹೊರಬಿತ್ತು. ಮೆಮೊರಿ ನೋಡ್ಕೊಳ್ಳೋ ಕೋಡಲ್ಲಿ ಒಂದೆಳೆ ಎಳೆದ್ರೆ ಇನ್ನೆಲ್ಲೋ ಸಡಿಲ ಆಗತ್ತೆ, ಅದಕ್ಕೆ ಕಂಪನಿ ಭೇದ ಇಲ್ಲ. ಮೆಲ್ಟ್‌ಡೌನ್ ಪ್ಯಾಚ್ ಅಂತೂ ಪೇಜ್ ಟೇಬಲ್‌ನ ಬುಡಕ್ಕೇ ಕೈಹಾಕಿದ್ದು, ಕರ್ನಲ್ ಮತ್ತು ಯೂಸರ್‌ಗೆ ಬೇರೆ ಬೇರೆ ಟೇಬಲ್ ಮಾಡಿದ್ದು, ಅದೂ ಗಡಿಬಿಡಿಯಲ್ಲಿ.

ಸುಮ್ನಿರಿ

2005ರ ವಿಷಯ ನನಗೆ ಹೊಸದು, ಥ್ಯಾಂಕ್ಸ್. ಮುಟ್ಟಬೇಡಿ ಅಂದಿದ್ದನ್ನೂ ವಾಪಸ್ ತಗೊಳ್ತೀನಿ, ಅಷ್ಟು ಜನ ಬಳಸೋ ಪಿಸಿ ಅನ್ನೋದನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಆದ್ರೆ ಇಮೇಜ್ ತೆಗೆಯೋದನ್ನ ಮಾತ್ರ ಮರೀಬೇಡಿ.

ಹಳೇಯಂತ್ರ

ಎಲ್ಲರಿಗೂ ತುಂಬಾ ಧನ್ಯವಾದ, ಪುಟಲೆಕ್ಕ ಸರ್ ವಿವರಣೆನ ಎರಡು ಸಲ ಓದಿದೆ. ನಿನ್ನೆ ಸಂಜೆ ಎಲ್ಲರೂ ಹೋದ್ಮೇಲೆ ಇಮೇಜ್ ತೆಗೆದು, ಮೊದಲು ಕೆಬಿ4100480 ಹಾಕಿ ಯಂತ್ರ ಓಡಿಸಿ ನೋಡಿದೆ, ಅಳತೆ ಸರಿಯಾಗೇ ಬಂತು. ಆಮೇಲೆ ಧೈರ್ಯ ಮಾಡಿ ರಾತ್ರಿಪಾಳಿ ಹೇಳಿದ ಮೂರನ್ನೂ ಅದೇ ಕ್ರಮದಲ್ಲಿ ಹಾಕಿದೆ. ಕೊನೇದಕ್ಕೆ ತುಂಬಾ ಹೊತ್ತು ಹಿಡೀತು, ಒಂದು ಹಂತದಲ್ಲಿ ನಿಂತೇಹೋಯ್ತೇನೋ ಅನ್ನಿಸಿ ಜೀವ ಬಾಯಿಗೆ ಬಂದಿತ್ತು, ಆದ್ರೆ ಬೂಟ್ ಆಯ್ತು, ಡ್ರೈವರೂ ಸಿಕ್ತು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಇಷ್ಟು ವರ್ಷ ಆ ಬಾಗಿಲು ತೆರೆದೇ ಇತ್ತಲ್ಲ, ಅಡ್ಮಿನ್ ಪಾಸ್‌ವರ್ಡ್ ಬದಲಿಸ್ಬೇಕಾ?

ರಾತ್ರಿಪಾಳಿ

ಬದಲಿಸಿ, ಇವತ್ತೇ. ಅದೇ ಪಾಸ್‌ವರ್ಡನ್ನ ಬೇರೆ ಪಿಸಿಗಳಲ್ಲೂ ಇಟ್ಟಿದ್ರೆ ಅಲ್ಲೂ ಬದಲಿಸಿ, ಯಾಕಂದ್ರೆ ಮೆಮೊರಿಯಿಂದ ಓದ್ಕೊಂಡು ಹೋದ್ರೆ ಲಾಗ್‌ನಲ್ಲಿ ಅದರ ಗುರುತು ಉಳಿಯಲ್ಲ. ಜೊತೆಗೆ ಅಡ್ಮಿನ್ ಗುಂಪಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಯಾವುದಾದ್ರೂ ಸೇರ್ಕೊಂಡಿದೆಯಾ ಅಂತ ಒಂದು ಸಲ ನೋಡಿ, ಇದ್ರೆ ಇಲ್ಲಿ ಬಂದು ಹೇಳಿ.